‘ಲೇಡೀಸ್ ಸೀಟು ಮುಗೀತು, ಇನ್ನು ಗಂಡಸರ ಸರದಿ’ ಅಂತಾರೆ. ಪಂಚಾಯ್ತಿಯ ಸಾಮಾನ್ಯ ಸೀಟಿಗೆ ಹೆಂಗಸು ನಿಲ್ಲಬಾರದಾ?

ಕಾವ್ಯ_ಮಂಡ್ಯಸೀಮೆ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಮ್ಮತ್ತೆ ಹೋದ ಸಲ ಗ್ರಾಮ ಪಂಚಾಯ್ತಿಗೆ ಮಹಿಳಾ ಮೀಸಲು ಸ್ಥಾನದಿಂದ ಗೆದ್ರು. ಆ ಐದು ವರ್ಷದ ಎರಡನೇ ಅರ್ಧದಲ್ಲಿ ಅಧ್ಯಕ್ಷೆಯೂ ಆದ್ರು. ಓದಿರೋದು ಏಳನೇ ಕ್ಲಾಸು. ಮೊದಮೊದಲು ಮೀಟಿಂಗಿಗೆಲ್ಲ ಮಾವನೇ ಜೊತೆಗೆ ಹೋಗೋರು. ಒಂದು ದಿನ ಅತ್ತೆ, ‘ನೀವು ಗದ್ದೆ ಕಡೆ ನೋಡ್ಕಳಿ, ಪಂಚಾಯ್ತಿ ನಾನು ನೋಡ್ಕತೀನಿ’ ಅಂದ್ರು. ಮಾವನೂ ಜಗಳ ಆಡ್ಲಿಲ್ಲ.

ಅವರು ಮಾಡಿದ ಒಂದು ಕೆಲಸ ಹೇಳ್ತೀನಿ. ನಮ್ಮ ಬೀದಿಗೆ ನೀರು ಬಿಡ್ತಿದ್ದದ್ದು ಬೆಳಗ್ಗೆ ಹತ್ತು ಗಂಟೆ ಮೇಲೆ. ಅಷ್ಟೊತ್ತಿಗೆ ಹೆಂಗಸರೆಲ್ಲ ಕೂಲಿಗೆ ಹೋಗಿರ್ತಾರೆ. ಕೊಡ ಹಿಡಿಯೋಕೆ ಸ್ಕೂಲ್ ತಪ್ಪಿಸಿ ಮನೇಲಿ ಉಳೀತಿದ್ದದ್ದು ಹೆಣ್ಣುಮಕ್ಕಳು. ಅತ್ತೆ ವಾಟರ್‌ಮ್ಯಾನ್‌ನ ಕೂರಿಸಿಕೊಂಡು ಯಾವ ವಾಲ್ವ್ ಎಷ್ಟೊತ್ತಿಗೆ ತಿರುಗಿಸ್ತಾನೆ ಅಂತ ಬರೆಸಿದ್ರು. ಆಮೇಲೆ ನಮ್ಮ ಕಡೆ ಸರದಿ ಆರು ಗಂಟೆಗೆ ಬಂತು. ಒಂದು ರೂಪಾಯಿ ಅನುದಾನ ಬೇಕಾಗಲಿಲ್ಲ. ಅದಕ್ಕೂ ಮುಂಚೆ ಎಷ್ಟೋ ಜನ ಗಂಡಸರು ಸದಸ್ಯರಾಗಿದ್ರು, ಯಾರಿಗೂ ಇದೊಂದು ಸಮಸ್ಯೆ ಅಂತಲೇ ಕಂಡಿರಲಿಲ್ಲ.

ಈ ಸಲ ಮೀಸಲು ಬದಲಾಗಿ ನಮ್ಮ ಸ್ಥಾನ ‘ಸಾಮಾನ್ಯ’ ಆಗುತ್ತೆ ಅಂತ ಸುದ್ದಿ. ಅತ್ತೆಗೆ ಇನ್ನೊಂದು ಸಲ ನಿಲ್ಲೋ ಮನಸ್ಸಿದೆ. ಆದ್ರೆ ಊರಿನ ಮುಖಂಡರು ಮನೆಗೇ ಬಂದು, ‘ನಿಮ್ಮ ಸರದಿ ಆಯ್ತಲ್ಲಮ್ಮ, ಇದು ಗಂಡಸರ ಸೀಟು, ಬಿಟ್ಕೊಡಿ’ ಅಂದು ಹೋದ್ರು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ನಮ್ಮನೇಲೇ ಕಾಫಿ ಕುಡಿದು ಹೇಳಿ ಹೋದ್ರು.

ಅದೇ ವಾರ ನಮ್ಮಾಫೀಸಿನಲ್ಲಿ ಟೀಮ್ ಲೀಡ್ ಹುದ್ದೆ ನನಗಿಂತ ಜೂನಿಯರ್ ಒಬ್ಬರಿಗೆ ಹೋಯ್ತು. ನಾನು ಅಕೌಂಟ್ಸ್‌ನಲ್ಲಿರೋದು. ಕೇಳಿದ್ದಕ್ಕೆ, ‘ನಿನಗೆ ಮಗು ಚಿಕ್ಕದಲ್ವಾ, ಟೆನ್ಷನ್ ಯಾಕೆ ಅಂತ ನಾವೇ ಯೋಚನೆ ಮಾಡಿದ್ವಿ’ ಅಂದ್ರು. ನನ್ನ ಕೇಳದೆ ನನ್ನ ಪರವಾಗಿ ಯೋಚನೆ ಮಾಡಿದ್ರು! ಅತ್ತೆಗೆ ಆದದ್ದೂ ನನಗೆ ಆದದ್ದೂ ಒಂದೇ ಅಂತ ನನಗನ್ನಿಸ್ತಿದೆ. ನಿಮಗೇನನ್ನಿಸುತ್ತೆ? ಅತ್ತೆ ನಿಲ್ಲಬೇಕಾ?

ನಿವೃತ್ತ_ಪಿಡಿಓ
ತಂಗಿ, ಮೊದಲು ಕಾನೂನು ತಿಳ್ಕೊಳ್ಳಿ. ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗಂಡಸರ ಸೀಟು ಅಂತ ಒಂದೂ ಇಲ್ಲ. ಮಹಿಳೆಯರಿಗೆ ಮೀಸಲಾದ ಸ್ಥಾನಗಳಿವೆ, ಉಳಿದವು ಎಲ್ಲರಿಗೂ ತೆರೆದಿರೋವು. ಅಲ್ಲಿ ಹೆಂಗಸರು ನಿಲ್ಲೋಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾಮಪತ್ರ ಹಾಕಿ, ಠೇವಣಿ ಕಟ್ಟಿದ್ರೆ ಆಯ್ತು.

ನಮ್ಮ ರಾಜ್ಯ ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತು ಅನ್ನೋದನ್ನ ಈಗಿನವರು ಮರೆತಿದ್ದಾರೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ನಜೀರ್ ಸಾಬರು ಮಂತ್ರಿಯಾಗಿದ್ದಾಗ ತಂದ 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಲ್ಲಿ ಶೇ 25 ಸ್ಥಾನ ಹೆಂಗಸರಿಗಿತ್ತು. 1987ರಲ್ಲಿ ಚುನಾವಣೆ ಆಯ್ತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಕೊಟ್ಟ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ನಮ್ಮಲ್ಲಿ 2010ರಲ್ಲಿ ಅದು ಶೇ 50ಕ್ಕೆ ಏರಿತು.

ಸರ್ವೀಸಿನಲ್ಲಿ ನಾನು ಕಂಡದ್ದೊಂದು ಹೇಳ್ತೀನಿ. ಬಿಲ್ ಪಾವತಿ ಆಗಬೇಕಾದ್ರೆ ಪಿಡಿಓ, ಅಂದ್ರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ ಡಾಂಗಲ್ಲೂ (ಡಿಜಿಟಲ್ ಸಹಿ ಹಾಕೋ ಸಾಧನ) ಬೇಕು, ಅಧ್ಯಕ್ಷರ ಡಾಂಗಲ್ಲೂ ಬೇಕು. ಎಷ್ಟೋ ಕಡೆ ಅಧ್ಯಕ್ಷೆಯ ಡಾಂಗಲ್ ಗಂಡನ ಜೇಬಿನಲ್ಲಿರುತ್ತೆ, ಇಲ್ಲಾ ಕಂಪ್ಯೂಟರ್ ಆಪರೇಟರ್ ಡ್ರಾಯರಿನಲ್ಲಿ. ಆಯಮ್ಮನಿಗೆ ಯಾವ ಬಿಲ್ ಪಾಸಾಯ್ತು ಅಂತಲೇ ಗೊತ್ತಿರೋದಿಲ್ಲ. ನಾಳೆ ತನಿಖೆ ಬಂದ್ರೆ ನೋಟಿಸ್ ಬರೋದು ಮಾತ್ರ ಆಕೆಯ ಹೆಸರಿಗೆ. ನಿಮ್ಮತ್ತೆ ಡಾಂಗಲ್ ಯಾರ ಹತ್ರ ಇತ್ತು?

ಕಾವ್ಯ_ಮಂಡ್ಯಸೀಮೆ
ಸರ್, ಅವರ ಹತ್ರಾನೇ. ಬೀರುವಿನಲ್ಲಿಟ್ಟು ಬೀಗ ಹಾಕ್ತಿದ್ರು. ಅದಕ್ಕೇ ಕೆಲವರಿಗೆ ಕೋಪ.

ಬಸವರಾಜ್_ಧಾರವಾಡ
ನಿಮ್ಮ ಅತ್ತೀಯವರಂಥವರು ಅಪರೂಪ ಅಕ್ಕಾ. ನಮ್ಮ ಕಡೆ ಬಂದು ನೋಡ್ರಿ. ಅಧ್ಯಕ್ಷರು ಯಾರು ಅಂತ ಕೇಳಿದ್ರ ಗಂಡನ ಹೆಸರು ಹೇಳ್ತಾರ. ಬ್ಯಾನರಿನ್ಯಾಗ ಗಂಡನ ಫೋಟೋ ದೊಡ್ಡದು, ಆಕಿದು ಸಣ್ಣದು. ಧ್ವಜ ಹಾರಸಾಕಷ್ಟ ಆಕಿನ್ನ ಕರಕೊಂಡು ಬರ್ತಾರ. ಹಿಂಗಿದ್ದ ಮ್ಯಾಲೆ ಅರ್ಧ ಸೀಟು ಮೀಸಲಿಟ್ಟು ಏನು ಉಪಯೋಗ? ಮೊದಲ ಓದಸ್ರಿ, ತಿಳುವಳಿಕಿ ಬರ್ಲಿ, ಆಮ್ಯಾಲೆ ಅಧಿಕಾರ ಕೊಡ್ರಿ. ಸಿಟ್ಟಿಗೇಳಬ್ಯಾಡ್ರಿ, ಕಂಡದ್ದು ಹೇಳೀನಿ.

ಗಿರಿಜಾ_ಟೀಚರ್
ಬಸವರಾಜ್ ಅವರೇ, ಮೊದಲು ತಿಳುವಳಿಕೆ, ಆಮೇಲೆ ಅಧಿಕಾರ ಅನ್ನೋ ನಿಯಮ ಗಂಡಸರಿಗೆ ಯಾವತ್ತು ಇತ್ತು? ಮೊದಲ ಸಲ ಗೆದ್ದ ಗಂಡಸಿಗೆ ಕ್ರಿಯಾ ಯೋಜನೆ ಅಂದ್ರೇನು, ಜಮಾಬಂದಿ ಅಂದ್ರೇನು ಅಂತ ಹುಟ್ಟಿನಿಂದಲೇ ಗೊತ್ತಿರುತ್ತಾ? ಅವನೂ ಕೂತೇ ಕಲಿಯೋದು. ಕಂಟ್ರಾಕ್ಟರ್ ಹೇಳಿದ ಕಡೆ ಸಹಿ ಹಾಕೋ ಗಂಡಸು ಸದಸ್ಯರು ನಿಮ್ಮೂರಲ್ಲಿ ಇಲ್ವಾ? ಶಾಸಕರ ಮನೆ ಮುಂದೆ ಬೆಳಗಾದ್ರೆ ನಿಲ್ಲೋರು? ಅವರನ್ನ ಯಾರೂ ಬೊಂಬೆ ಅನ್ನಲ್ಲ.

ಆ ಹೆಂಗಸಿನ ಡಾಂಗಲ್ ಕಿತ್ತುಕೊಂಡಿರೋದು ಗಂಡ. ತಪ್ಪು ಮಾಡಿದವನು ಅವನು. ಶಿಕ್ಷೆ ಅಂತ ಸೀಟು ಕಳಕೊಳ್ಳಬೇಕಾದವಳು ಅವಳಾ?

ಇನ್ನೊಂದು. ಒಂದು ಅವಧಿ ಕಲಿತ ಮೇಲೆ ಎರಡನೇ ಅವಧಿಗೆ ಕೈ ಕುದುರುತ್ತೆ. ಅಷ್ಟೊತ್ತಿಗೆ ಸರಿಯಾಗಿ ಮೀಸಲು ತಿರುಗಿ ಸೀಟು ಹೋಗಿರುತ್ತೆ. ಪ್ರತಿ ಐದು ವರ್ಷಕ್ಕೊಮ್ಮೆ ಹೊಸ ಹೆಂಗಸನ್ನ ಒಂದನೇ ಕ್ಲಾಸಿಗೆ ಕೂರಿಸಿ, ನೋಡಿ ಇವರಿಗೇನೂ ಬರಲ್ಲ ಅನ್ನೋದು ಅನ್ಯಾಯ. ಕಾವ್ಯಾ, ನಿಮ್ಮತ್ತೆ ನಿಲ್ಲಲೇಬೇಕು.

ಹೊಸನಗರ_ಹುಡುಗಿ
ಟೀಚರ್ ಹೇಳಿದ್ದು ನೂರಕ್ಕೆ ನೂರು.

ರಘು_ಬೆಂಗಳೂರು
ನೀರಿನ ವಿಷಯ ಓದಿ ನೆನಪಾಯ್ತು. ನೊಬೆಲ್ ಬಂದ ಎಸ್ತರ್ ಡುಫ್ಲೊ ಮತ್ತು ರಾಘವೇಂದ್ರ ಚಟ್ಟೋಪಾಧ್ಯಾಯ ಅವರು ಪಶ್ಚಿಮ ಬಂಗಾಳ, ರಾಜಸ್ಥಾನದ ಪಂಚಾಯ್ತಿಗಳ ಮೇಲೆ 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾದ ಕಡೆ ಕುಡಿಯೋ ನೀರಿನ ಕೆಲಸ ಜಾಸ್ತಿ ಆಗಿತ್ತು. ಎರಡೂ ರಾಜ್ಯದಲ್ಲಿ ಹೆಂಗಸರು ಹೆಚ್ಚಾಗಿ ದೂರು ಕೊಡ್ತಿದ್ದದ್ದೂ ನೀರಿನ ಬಗ್ಗೇನೇ. ಬೊಂಬೆ ಅನ್ನೋರು ಇದಕ್ಕೇನಂತೀರಿ?

ಹೇಗೂ ಲೋಕಸಭೆ, ವಿಧಾನಸಭೆಗಳಲ್ಲಿ ಹೆಂಗಸರಿಗೆ 33% ಮೀಸಲು ಕೊಡೋ ಕಾನೂನು ಬಂತಲ್ಲ, ಮುಂದಿನ ವಿಧಾನಸಭೆಗೇ ಎಲ್ಲ ಸರಿಹೋಗುತ್ತೆ ಬಿಡಿ.

ವಕೀಲೆ_ಶಿವಮೊಗ್ಗ
ರಘು ಅವರೇ, ಅಷ್ಟು ಸಲೀಸಲ್ಲ. 2023ರ 106ನೇ ತಿದ್ದುಪಡಿಯ ಪ್ರಕಾರ, ಕಾಯ್ದೆ ಜಾರಿಗೆ ಬಂದ ಮೇಲಿನ ಮೊದಲ ಜನಗಣತಿಯ ಅಂಕಿಅಂಶ ಪ್ರಕಟವಾಗಬೇಕು, ಅದರ ಮೇಲೆ ಕ್ಷೇತ್ರ ಮರುವಿಂಗಡಣೆ ಆಗಬೇಕು, ಆಮೇಲೆ ಮೀಸಲು. ಜನಗಣತಿಗೆ ಗೊತ್ತುಮಾಡಿರೋ ದಿನ 2027ರ ಮಾರ್ಚ್ 1. ಲೆಕ್ಕ ನೀವೇ ಹಾಕಿ.

ಈ ಮಸೂದೆ ಮೊದಲು ಲೋಕಸಭೆಗೆ ಬಂದದ್ದು 1996ರಲ್ಲಿ, ನಮ್ಮ ದೇವೇಗೌಡರು ಪ್ರಧಾನಿಯಾಗಿದ್ದಾಗ. 2010ರಲ್ಲಿ ರಾಜ್ಯಸಭೆ ಒಪ್ಪಿತು, ಲೋಕಸಭೆಯಲ್ಲಿ ಮತಕ್ಕೇ ಬರದೆ ಬಿದ್ದುಹೋಯ್ತು. ಕಾಯ್ದೆಯಾಗೋ ಹೊತ್ತಿಗೆ 27 ವರ್ಷ. ಪಂಚಾಯ್ತಿಗೆ ಮೀಸಲು ಕೊಡುವಾಗ ಇಷ್ಟು ರಂಪ ಆಗಲಿಲ್ಲ. ಅಲ್ಲಿ ಖಾಲಿಯಾಗೋದು ಬೇರೆಯವರ ಕುರ್ಚಿ, ಇಲ್ಲಿ ತಮ್ಮದೇ ಕುರ್ಚಿ. ನನಗೆ ಇದಕ್ಕಿಂತ ದೊಡ್ಡ ಕಾರಣ ಕಾಣೋದಿಲ್ಲ.

2024ರಲ್ಲಿ ಲೋಕಸಭೆಯ 543ರಲ್ಲಿ ಗೆದ್ದ ಹೆಂಗಸರು 74. ಅದಕ್ಕೂ ಹಿಂದಿನ ಸಲ 78 ಇತ್ತು, ಅಂದ್ರೆ ಕಮ್ಮಿಯೇ ಆಯ್ತು. ಕರ್ನಾಟಕದ 28ರಲ್ಲಿ 3. ನಮ್ಮ ವಿಧಾನಸಭೆಗೆ 2023ರಲ್ಲಿ ಗೆದ್ದು ಬಂದದ್ದು 224ರಲ್ಲಿ 10 ಜನ, ಆಮೇಲೆ ಸಂಡೂರು ಉಪಚುನಾವಣೆಯಿಂದ ಇನ್ನೊಬ್ಬರು. ಪಂಚಾಯ್ತಿಯಲ್ಲಿ ಅರ್ಧ, ವಿಧಾನಸೌಧದಲ್ಲಿ ಇಪ್ಪತ್ತಕ್ಕೆ ಒಬ್ಬರು. ಮಧ್ಯೆ ಉಳಿದ ಹೆಂಗಸರೆಲ್ಲ ಎಲ್ಲಿಗೆ ಹೋದ್ರು?

ಸಂತೋಷ್_ಹಾಸನ
ಎಲ್ಲಿಗೂ ಹೋಗಿಲ್ಲ ಮೇಡಂ, ಟಿಕೆಟ್ ಸಿಗಲಿಲ್ಲ. ಪಾರ್ಟಿಗಳು ನೋಡೋದು ಗೆಲ್ಲೋ ಕುದುರೆ. ಗೆಲ್ತಾರೆ ಅಂತ ಗ್ಯಾರಂಟಿ ಇದ್ರೆ ಹೆಂಗಸರಿಗೂ ಕೊಡ್ತಾರೆ. ಇದರಲ್ಲಿ ಲಿಂಗ ತಾರತಮ್ಯ ಎಲ್ಲಿ ಬಂತು?

ವಕೀಲೆ_ಶಿವಮೊಗ್ಗ
ಹರಪನಹಳ್ಳಿ ನೋಡಿ. 2023ರಲ್ಲಿ ಲತಾ ಮಲ್ಲಿಕಾರ್ಜುನ್ ಅವರಿಗೆ ಕಾಂಗ್ರೆಸ್ ಟಿಕೆಟ್ ಕೊಡಲಿಲ್ಲ. ಪಕ್ಷೇತರರಾಗಿ ನಿಂತು ಗೆದ್ರು. ಗೆಲ್ಲೋ ಕುದುರೆ ಯಾವುದು ಅಂತ ಪಾರ್ಟಿಗೆ ಕಾಣಲೇ ಇಲ್ಲವಲ್ಲ?

ಸಂತೋಷ್_ಹಾಸನ
ಅವರು ಎಂ.ಪಿ. ಪ್ರಕಾಶ್ ಮಗಳು ಮೇಡಂ. ಸಾಮಾನ್ಯ ಮನೆಯ ಹೆಂಗಸು ಪಕ್ಷೇತರವಾಗಿ ನಿಂತು ಗೆದ್ದ ಉದಾಹರಣೆ ಕೊಡಿ.

ವಕೀಲೆ_ಶಿವಮೊಗ್ಗ
ಅದೇ ನನ್ನ ಮಾತು. ಮಾಜಿ ಉಪಮುಖ್ಯಮಂತ್ರಿಯ ಮಗಳಿಗೇ ಟಿಕೆಟ್ ತಪ್ಪಿದ್ರೆ, ಸ್ತ್ರೀಶಕ್ತಿ ಸಂಘದಿಂದ ಬಂದವಳ ಗತಿಯೇನು? ರಾಜಕೀಯದಲ್ಲಿ ಇರೋ ಗಂಡಸರಿಗೂ ಅಪ್ಪ, ಮಾವ, ಅಣ್ಣ ಇದ್ದೇ ಇರ್ತಾರೆ. ವಂಶದ ಪ್ರಶ್ನೆ ಏಳೋದು ಮಾತ್ರ ಹೆಂಗಸರ ಮುಂದೆ.

ತುಂಗಾತೀರ
ಗೆದ್ದ ಮೇಲೆ ಏನು ಕೊಡ್ತಾರೆ ಅನ್ನೋದನ್ನೂ ನೋಡಿ. ಉಮಾಶ್ರೀ, ಜಯಮಾಲಾ, ಶಶಿಕಲಾ ಜೊಲ್ಲೆ, ಲಕ್ಷ್ಮೀ ಹೆಬ್ಬಾಳಕರ್. ಪಕ್ಷ ಬೇರೆ, ಸರ್ಕಾರ ಬೇರೆ, ಆದ್ರೆ ನಾಲ್ವರ ಕೈಗೂ ಬಂದದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ. 2023ರಲ್ಲಿ ರಚನೆಯಾದ ಸಂಪುಟದಲ್ಲಿ ಇದ್ದದ್ದೇ ಒಬ್ಬ ಹೆಂಗಸು. ಕಂದಾಯ, ಲೋಕೋಪಯೋಗಿ, ಜಲಸಂಪನ್ಮೂಲ ಅಂದ್ರೆ ಗಂಡಸರ ಮನೆಯ ಆಸ್ತಿ ಇದ್ದ ಹಾಗೆ.

ಸಂತೋಷ್_ಹಾಸನ
ಶೋಭಾ ಕರಂದ್ಲಾಜೆ ಗ್ರಾಮೀಣಾಭಿವೃದ್ಧಿ, ಇಂಧನ ಎರಡನ್ನೂ ನೋಡಿದ್ರು. ನಿರ್ಮಲಾ ಸೀತಾರಾಮನ್ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋಗಿ ದೇಶದ ಹಣಕಾಸು ನೋಡ್ತಿದ್ದಾರೆ. ಅದನ್ನೂ ಹೇಳಿ.

ತುಂಗಾತೀರ
ಹೇಳೋಣ. ಇಬ್ಬರೂ ಆ ಖಾತೆಗಳನ್ನ ನಿಭಾಯಿಸಿದ್ರು, ಅಂದ ಮೇಲೆ ಉಳಿದವರಿಗೆ ಕೊಡೋಕೆ ಯಾವ ಅಡ್ಡಿ? ಕೆ.ಎಸ್. ನಾಗರತ್ನಮ್ಮ ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದವರು, 1972ರಲ್ಲೇ ವಿಧಾನಸಭೆಯ ಸ್ಪೀಕರ್ ಆದವರು. ಆ ಕುರ್ಚಿಯಲ್ಲಿ ಅವರಾದ ಮೇಲೆ ಇನ್ನೊಬ್ಬ ಹೆಂಗಸು ಕೂತಿಲ್ಲ. ರಾಜ್ಯಕ್ಕೆ ಇವತ್ತಿನವರೆಗೂ ಒಬ್ಬ ಮಹಿಳಾ ಮುಖ್ಯಮಂತ್ರಿ ಇಲ್ಲ.

ಕರಾವಳಿ_ಕನ್ನಡತಿ
ಇನ್ನೂ ಹಿಂದಿನದ್ದು ಹೇಳುವುದಾದರೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿಯೇ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿದವರು. ಸ್ವಲ್ಪದರಲ್ಲಿ ಸೋತರು. ಆಗ ಹೆಂಗಸರಿಗೆ ಮೀಸಲಾತಿ ಇರಲಿಲ್ಲ, ಅದು ಸಾಮಾನ್ಯ ಸೀಟೇ. ಕಾವ್ಯನ ಅತ್ತೆಯವರಿಗೆ ಇದನ್ನು ಹೇಳಿ ಮಾರಾಯ್ರೆ.

ದೀಪಾ_ಟೆಕ್
ಕಾವ್ಯಾ, ಆಫೀಸಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಅದನ್ನ ಯಾರೂ ಮುಟ್ಟಲಿಲ್ಲ. ಮಗು ಚಿಕ್ಕದು ಅನ್ನೋ ಮಾತು ನಾನೂ ಕೇಳಿದ್ದೀನಿ. ನನ್ನ ಟೀಮಿನಲ್ಲಿ ಅದೇ ವರ್ಷ ಅಪ್ಪ ಆದವನೂ ಇದ್ದ. ಅವನಿಗೆ, ‘ಜವಾಬ್ದಾರಿ ಬಂತು, ಪ್ರಮೋಷನ್ ಬೇಕು’ ಅಂತ ಕೊಟ್ರು. ಅದೇ ಮಗು ಅವನನ್ನ ಮೇಲಕ್ಕೆ ಹತ್ತಿಸ್ತು, ನನ್ನನ್ನ ಕೆಳಗೆ ಕೂರಿಸ್ತು.

ಹೆರಿಗೆ ರಜೆ ಮುಗಿಸಿ ಬಂದ ಮೇಲೆ ನನ್ನ ಅಪ್ರೈಸಲ್ ನಡೆದ ಕೋಣೆ ಇನ್ನೂ ಕಣ್ಣ ಮುಂದಿದೆ. ಮ್ಯಾನೇಜರ್ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದ್ರು. ರಜೆಯಲ್ಲಿದ್ದ ತಿಂಗಳುಗಳ ಎದುರಿಗೆ ‘ಕೊಡುಗೆ ಇಲ್ಲ’ ಅಂತ ತುಂಬಿತ್ತು. ಕಾನೂನು ಕೊಟ್ಟ ರಜೆಯನ್ನ ಕೆಲಸ ಮಾಡದ ದಿನ ಅಂತ ಲೆಕ್ಕ ಹಾಕಿದ್ರು. ಮೀಟಿಂಗ್ ನೋಟ್ಸ್ ಬರೆಯೋದು, ಬೀಳ್ಕೊಡುಗೆಗೆ ದುಡ್ಡು ಸೇರಿಸೋದು, ಹೊಸ ಹುಡುಗರಿಗೆ ಕೆಲಸ ಹೇಳಿಕೊಡೋದು ಮಾತ್ರ ವರ್ಷವಿಡೀ ನನ್ನ ಮೇಲೇ. ಆ ಯಾವುದಕ್ಕೂ ಅಪ್ರೈಸಲ್ ಹಾಳೆಯಲ್ಲಿ ಒಂದು ಕಾಲಂ ಇಲ್ಲ.

ಸಣ್ಣ_ಉದ್ಯಮಿ
ಮಾಲೀಕನ ಕಡೆಯಿಂದಲೂ ಕೇಳಿ. ನನ್ನದು ಇಪ್ಪತ್ತು ಜನರ ಪ್ಯಾಕೇಜಿಂಗ್ ಯೂನಿಟ್. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದ ಮೇಲೆ 26 ವಾರ ಪೂರ್ತಿ ಸಂಬಳದ ಹೆರಿಗೆ ರಜೆ. ಕೊಡಬೇಕಾದದ್ದೇ, ನನ್ನ ತಂಗಿಗೂ ಅದು ಸಿಕ್ಕಿದೆ. ಆದ್ರೆ ಆ ಸಂಬಳವೂ ನನ್ನದೇ, ಬದಲಿಗೆ ಬಂದವರ ಸಂಬಳವೂ ನನ್ನದೇ. ದೊಡ್ಡ ಕಂಪನಿ ತಡ್ಕೊಳ್ಳುತ್ತೆ, ನಮಗೆ ಕಷ್ಟ. ಸರ್ಕಾರ ಭಾಷಣ ಮಾಡುತ್ತೆ, ಬಿಲ್ ನಮಗೆ ಬರುತ್ತೆ. ಇದನ್ನ ಹೇಳಿದ ತಕ್ಷಣ ಹೆಣ್ಣುಮಕ್ಕಳ ವಿರೋಧಿ ಅಂತ ಹಣೆಪಟ್ಟಿ ಕಟ್ಟಬೇಡಿ.

ದೀಪಾ_ಟೆಕ್
ಕಟ್ಟಲ್ಲ ಸರ್, ಈ ಮಾತಿನಲ್ಲಿ ಹುರುಳಿದೆ. ಒಂದು ವಿಷಯ ಸೇರಿಸ್ತೀನಿ: ಸಂಬಳ 21,000 ರೂಪಾಯಿ ಒಳಗಿದ್ದು, ನೌಕರರ ವಿಮೆ ಯೋಜನೆಯಾದ ಇಎಸ್‌ಐ ಕಟ್ಟುತ್ತಿರೋ ನೌಕರರಿಗೆ ಹೆರಿಗೆ ರಜೆಯ ಹಣ ಇಎಸ್‌ಐನಿಂದಲೇ ಬರುತ್ತೆ, ನಿಮ್ಮ ಜೇಬಿನಿಂದಲ್ಲ. ನಿಮ್ಮ ಯೂನಿಟ್ಟಿನಲ್ಲಿ ಎಷ್ಟು ಜನ ಅದರ ಒಳಗಿದ್ದಾರೆ ನೋಡಿ. ಅದರ ಮೇಲಿನವರದ್ದು ಮಾಲೀಕನೇ ಕೊಡಬೇಕು ಅನ್ನೋದು ನಿಜ. ಅದನ್ನ ಬದಲಾಯಿಸಿ ಅಂತ ಸರ್ಕಾರವನ್ನ ನೀವೂ ನಾವೂ ಒಟ್ಟಿಗೆ ಕೇಳಬೇಕು. ಅಪ್ಪನಿಗೂ ರಜೆ ಕಡ್ಡಾಯ ಆಗಲಿ. ಆಗ ಹೆಣ್ಣುಮಕ್ಕಳನ್ನ ತಗೊಂಡ್ರೆ ಮಾತ್ರ ನಷ್ಟ ಅನ್ನೋ ಲೆಕ್ಕವೇ ತಪ್ಪುತ್ತೆ.

ಮೈಸೂರು_ರಸ್ತೆ
ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಿಮ್ಮ ಅಪ್ರೈಸಲ್ ಎಲ್ಲ ಅವರಿಗೆ ಬೇರೆ ಲೋಕ. ಮೆಷಿನ್ ಮುಂದೆ ಸಾಲಾಗಿ ಕೂತಿರೋರೆಲ್ಲ ಹೆಂಗಸರು. ಸಾಲಿನ ಹಿಂದೆ ನಿಂತು ‘ಪೀಸ್ ಎಷ್ಟಾಯ್ತು’ ಅಂತ ಕಿರುಚೋ ಸೂಪರ್‌ವೈಸರು, ಫ್ಲೋರ್ ಇನ್‌ಚಾರ್ಜು ಗಂಡಸರು. ಟಾಯ್ಲೆಟ್ಟಿಗೆ ಹೋದ್ರೆ ಟಾರ್ಗೆಟ್ ತಪ್ಪುತ್ತೆ ಅಂತ ಅಮ್ಮ ಬೆಳಗ್ಗೆಯಿಂದ ನೀರೇ ಕುಡಿಯೋದಿಲ್ಲ. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿ ಆಸ್ಪತ್ರೆ ಸೇರಿದ್ರು.

ಆದ್ರೆ 2016ರ ಏಪ್ರಿಲ್ ನೆನಪಿಸ್ಕೊಳ್ಳಿ. ಮಾಲೀಕರ ಪಾಲಿನ ಪಿಎಫ್ ದುಡ್ಡನ್ನ 58 ವರ್ಷದ ತನಕ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಾಗ ಬೆಂಗಳೂರಿನ ರಸ್ತೆಗಿಳಿದವರು ಈ ಹೆಂಗಸರೇ. ಹೊಸೂರು ರಸ್ತೆ ನಿಂತುಹೋಯ್ತು. ಎರಡೇ ದಿನಕ್ಕೆ ಸರ್ಕಾರ ನಿಯಮ ಹಿಂದಕ್ಕೆ ತಗೊಳ್ತು, ದೇಶದ ಎಲ್ಲ ಪಿಎಫ್ ಚಂದಾದಾರರಿಗೂ ಲಾಭ ಆಯ್ತು. ಇಲ್ಲಿರೋ ಸಾಫ್ಟ್‌ವೇರ್ ಅಣ್ಣಂದಿರಿಗೂ. ಇವರಿಗೆ ನಾಯಕತ್ವ ಬರಲ್ಲ ಅನ್ನೋರು ಅದನ್ನ ಮರೀಬಾರದು.

ರಘು_ಬೆಂಗಳೂರು
ಆ ದಿನ ನಾನು ಬೊಮ್ಮನಹಳ್ಳಿಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಅವರ ಹೋರಾಟದಿಂದ ನನ್ನ ಪಿಎಫ್ ಉಳೀತು ಅನ್ನೋದು ಸತ್ಯ.

ಕೊಡಗಿನವಳು
ಮದುವೆ, ಮಗು ಅಂತ ಅಡ್ಡ ಹಾಕೋದು ಸರ್ಕಾರವೇ ಮಾಡ್ತಿತ್ತು. ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ದೇಶದ ಮೊದಲ ಮಹಿಳೆ. ಆಗ ಮದುವೆ ಆಗಬೇಕಾದ್ರೆ ಮಹಿಳಾ ಅಧಿಕಾರಿ ಸರ್ಕಾರದ ಲಿಖಿತ ಅನುಮತಿ ಪಡೀಬೇಕಿತ್ತು, ಆದ ಮೇಲೆ ಕೆಲಸ ಬಿಡು ಅಂತಲೂ ಹೇಳಬಹುದಿತ್ತು. ಗಂಡಸರಿಗೆ ಆ ನಿಯಮ ಇಲ್ಲ. ಬಡ್ತಿ ತಪ್ಪಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದ್ರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪೀಠ ಸರ್ಕಾರದ ಕಿವಿ ಹಿಂಡಿತು. ಕಾವ್ಯಾ, ಟೀಮ್ ಲೀಡ್ ಯಾಕೆ ಸಿಗಲಿಲ್ಲ ಅನ್ನೋ ಕಾರಣವನ್ನ ಇಮೇಲ್‌ನಲ್ಲಿ ಕೇಳಿ. ಬಾಯಲ್ಲಿ ಹೇಳಿದ್ದನ್ನ ಬರೆದುಕೊಡೋಕೆ ಹಿಂಜರೀತಾರೆ, ನೋಡಿ.

ಬಸವರಾಜ್_ಧಾರವಾಡ
ಟೀಚರ್ ಹೇಳಿದ್ದು ವಿಚಾರ ಮಾಡಿದ್ನಿ. ಗಂಡಸರಿಗೂ ಯಾರೂ ಪರೀಕ್ಷಾ ಇಡೂದಿಲ್ಲ, ಆ ಮಾತು ಖರೆ. ಆದ್ರ ಮೀಟಿಂಗಿಗೆ ಗಂಡ ಬಂದು ಕುಂತ್ರ ಎಬ್ಬಿಸಿ ಹೊರಗ ಕಳಸಾವರು ಯಾರು? ಪಿಡಿಓ ಸಾಹೇಬ್ರು ಹೇಳ್ಲಿ.

ನಿವೃತ್ತ_ಪಿಡಿಓ
ಪಿಡಿಓನೇ ಕಳಿಸಬೇಕು. ಸಾಮಾನ್ಯ ಸಭೆಯಲ್ಲಿ ಸದಸ್ಯರಲ್ಲದವರಿಗೆ ಕುರ್ಚಿ ಇಲ್ಲ. ಆದ್ರೆ ಸ್ಥಳೀಯ ಮುಖಂಡರನ್ನ ಎದುರು ಹಾಕ್ಕೊಂಡ್ರೆ ವರ್ಗಾವಣೆ ಭಯ, ಅದಕ್ಕೇ ಬಹಳ ಜನ ಸುಮ್ಮನಿರ್ತಾರೆ. ಸದಸ್ಯೆಯರಿಗೆ ನಾನು ಹೇಳ್ತಿದ್ದದ್ದು ಇಷ್ಟೇ: ನೀವು ಎತ್ತಿದ ವಿಷಯ ನಡಾವಳಿ ಪುಸ್ತಕದಲ್ಲಿ ಬಂತಾ ಅಂತ ಓದಿಸಿಕೊಂಡೇ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಹೊಸನಗರ_ಹುಡುಗಿ
ಮಧ್ಯೆ ಒಂದು ಪ್ರಶ್ನೆ. ತಿಂಗಳಿಗೊಂದು ದಿನ ಮುಟ್ಟಿನ ರಜೆ ಅಂತ 2025ರಲ್ಲಿ ರಾಜ್ಯ ಸಂಪುಟ ಒಪ್ಪಿತಲ್ಲ, ಇದರಿಂದ ಹೆಣ್ಣುಮಕ್ಕಳನ್ನ ಕೆಲಸಕ್ಕೆ ತಗೊಳ್ಳೋದು ಕಮ್ಮಿ ಆಗಲ್ವಾ? ನಮ್ಮ ಹಾಸ್ಟೆಲಿನಲ್ಲಿ ಇದೇ ಜಗಳ.

ಮೈಸೂರು_ರಸ್ತೆ
ಆ ನೆಪ ಹೇಳೋರು ನಾಳೆ ಇನ್ನೊಂದು ನೆಪ ಹೇಳ್ತಾರೆ. ನಮ್ಮಮ್ಮನ ಹಾಗೆ ದಿನವೆಲ್ಲ ಪೆಡಲ್ ತುಳಿಯೋರಿಗೆ ಆ ಒಂದು ದಿನದ ಬೆಲೆ ಗೊತ್ತು.

ಗಿರಿಜಾ_ಟೀಚರ್
ಎಲ್ಲರೂ ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗೀತು. ಹೊತ್ತಿಗೆ ಸರಿಯಾಗಿ ಚುನಾವಣೆ ಮಾಡಲಿಲ್ಲ, ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದ್ರು. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯಲ್ಲೂ 2020ರಿಂದ ಇದೇ ಕಥೆ ಆಗಿತ್ತು. ಇವೆಲ್ಲ ಹೆಂಗಸರಿಗೆ ಅರ್ಧ ಸ್ಥಾನ ಇದ್ದ ಸಂಸ್ಥೆಗಳು. ಗ್ರಾಮ ಪಂಚಾಯ್ತಿಯಲ್ಲಿ ಗೆದ್ದವಳು ಮುಂದಿನ ಮೆಟ್ಟಿಲು ಹತ್ತೋಣ ಅಂದ್ರೆ ಮೆಟ್ಟಿಲೇ ಇಲ್ಲ. ವಕೀಲೆ ಮೇಡಂ, ಮಧ್ಯದವರು ಎಲ್ಲಿಗೆ ಹೋದ್ರು ಅಂತ ಕೇಳಿದ್ರಲ್ಲ, ಒಂದು ಉತ್ತರ ಇಲ್ಲಿದೆ. ಮೀಸಲಾತಿ ರದ್ದು ಮಾಡಿದ್ರೆ ಗಲಾಟೆ ಆಗ್ತಿತ್ತು. ಚುನಾವಣೆಯನ್ನೇ ಮುಂದೂಡಿದ್ರೆ ಯಾರೂ ಕೇಳಲಿಲ್ಲ.

ವಕೀಲೆ_ಶಿವಮೊಗ್ಗ
ನಿಜ ಟೀಚರ್. ಶಾಸಕರಿಗೆ ಜಿಲ್ಲಾ ಪಂಚಾಯ್ತಿ ಸದಸ್ಯರು ಅಂದ್ರೆ ನಾಳಿನ ಪೈಪೋಟಿದಾರರು. ಬೆಳೆಯೋಕೆ ಬಿಡ್ತಾರಾ?

ಕಾವ್ಯ_ಮಂಡ್ಯಸೀಮೆ
ಎಲ್ರಿಗೂ ಥ್ಯಾಂಕ್ಸ್. ರಾತ್ರಿ ಕೂತು ಎಲ್ಲಾ ಓದಿ ಹೇಳಿದೆ. ಅತ್ತೆ, ‘ಸಂಘದ ಹೆಂಗಸರು ಏನಂತಾರೆ ಕೇಳ್ತೀನಿ, ಅವರು ಜೊತೆಗೆ ಬಂದ್ರೆ ಬೇರೆ ಯಾರೂ ಬೇಕಿಲ್ಲ’ ಅಂದ್ರು. ಮಾವ ಖರ್ಚಿನ ಮಾತೆತ್ತಿದ್ರು, ಗಂಡಸರು ನಿಂತ್ರೆ ಬಾಡೂಟ, ಎಣ್ಣೆ ಅಂತ ಸುರೀತಾರಲ್ಲ ಅಂತ. ಅದಕ್ಕೆ ನಮ್ಮ ಹತ್ರ ಉತ್ತರ ಇಲ್ಲ, ಇದ್ರೆ ಹೇಳಿ. ನಾನು ಎಚ್‌ಆರ್‌ಗೆ ಮೇಲ್ ಹಾಕಿದೆ.

ನಿವೃತ್ತ_ಪಿಡಿಓ
ವಾರ್ಡ್ ಚಿಕ್ಕದು ತಂಗಿ, ಮನೆ ಮನೆ ಗೊತ್ತಿರುತ್ತೆ. ಆ ಆರು ಗಂಟೆ ನೀರನ್ನ ಹೆಂಗಸರಿಗೆ ನೆನಪಿಸಲಿ. ದುಡ್ಡು ಹಂಚಿದ್ರೂ ಮತ ಬೀಳದ ಎಷ್ಟೋ ವಾರ್ಡ್ ನಾನು ಎಣಿಕೆ ಟೇಬಲ್ಲಿನಲ್ಲಿ ನೋಡಿದ್ದೀನಿ.

ಅನಾಮಿಕ
ವಿಷಯ ಬೇರೆ, ಕ್ಷಮಿಸಿ. ನಾನು ಕೆಲಸ ಮಾಡೋ ಹೊಲಿಗೆ ಘಟಕದಲ್ಲಿ ಆರೇ ಜನ. ಮಾಲೀಕರೇ ಅಸಭ್ಯವಾಗಿ ನಡ್ಕೊಳ್ತಾರೆ. ದೂರು ಕೊಡೋಕೆ ನಮ್ಮಲ್ಲಿ ಯಾವ ಕಮಿಟಿಯೂ ಇಲ್ಲ. ಹತ್ತು ಜನಕ್ಕಿಂತ ಕಮ್ಮಿ ಇದ್ರೆ ಕಾನೂನೇ ಇಲ್ಲ ಅಂತ ಒಬ್ಬರು ಹೇಳಿದ್ರು. ಹೌದಾ?

ವಕೀಲೆ_ಶಿವಮೊಗ್ಗ
ಇಲ್ಲಮ್ಮ, ತಪ್ಪು ಮಾಹಿತಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ನಿಮಗೂ ಅನ್ವಯ ಆಗುತ್ತೆ. ಹತ್ತು ಜನಕ್ಕಿಂತ ಕಮ್ಮಿ ಇದ್ರೆ, ಅಥವಾ ದೂರು ಮಾಲೀಕರ ಮೇಲೇ ಇದ್ರೆ, ಜಿಲ್ಲೆಗೊಂದು ಇರೋ ಸ್ಥಳೀಯ ಸಮಿತಿಗೆ ಕೊಡಬೇಕು. ನಿಮ್ಮ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಶೀ-ಬಾಕ್ಸ್ ಅನ್ನೋ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲೂ ಹಾಕಬಹುದು. ಘಟನೆ ಆಗಿ ಮೂರು ತಿಂಗಳೊಳಗೆ ಕೊಡಿ. ತಡವಾಗೋಕೆ ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳು ಒಪ್ಪಬಹುದು. ಬರೆಯೋಕೆ ಆಗದಿದ್ರೆ ಬರೆಯೋಕೆ ಸಹಾಯ ಮಾಡೋದು ಸಮಿತಿಯ ಕರ್ತವ್ಯ ಅಂತ ಕಾಯ್ದೆಯಲ್ಲೇ ಇದೆ. ಯಾವ ದಿನ, ಎಷ್ಟೊತ್ತಿಗೆ, ಯಾರಿದ್ರು ಅಂತ ಇವತ್ತೇ ಒಂದು ಕಡೆ ಬರೆದಿಡಿ, ಬಂದ ಮೆಸೇಜ್ ಅಳಿಸಬೇಡಿ. ಇಲ್ಲಿ ಹೆಸರು, ಊರು ಹಾಕಬೇಡಿ. ನನಗೆ ಖಾಸಗಿ ಸಂದೇಶ ಕಳಿಸಿ, ಅರ್ಜಿ ಒಟ್ಟಿಗೆ ಬರೆಯೋಣ.